ತುರಚಿ ಮನೆತನ

ಲಿಂಗವಿಡುವ ಗುಂಡಗಡಗಿಯ ಮುಚ್ಚಳ ಬಿಗಿದು ಕೂತಿತ್ತು. ಗಿರಿಜಮ್ಮ ಸೆರಗು ಸುತ್ತಿ ತಿರುವಿದಳು, ಬರಲಿಲ್ಲ. ಉಗುರು ಹಾಕಿ ಎಬ್ಬಿದಳು, ಉಗುರೇ ಮುರಿಯಿತು. ಗಂಡ ರೇವಣಪ್ಪ ಎದುರಿಗೇ ಕೂತಿದ್ದ. ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಬಳಿದು, ಕಾಲು ಮಡಿಸಿ ಕೂರಿಸಿ, ಬೀಳದ ಹಾಗೆ ಎದೆಗೊಂದು ಬಿಳಿ ಬಟ್ಟೆ ಸುತ್ತಿ ಗೋಡೆಯ ಮೊಳೆಗೆ ಕಟ್ಟಿದ್ದರು. ಇಷ್ಟು ನೆಟ್ಟಗೆ ಅವನು ಬದುಕಿದ್ದಾಗ ಎಂದೂ ಕೂತಿರಲಿಲ್ಲ.

"ಲಗೂ ತಗೀರಿ ತಾಯಿ. ಲಿಂಗಪೂಜಿ ಮುಗದ್ರ ಮುಂದಿನ ಕೆಲಸ," ಎಂದರು ಅಯ್ಯನವರು. ಅವರು ಸೊಲ್ಲಾಪುರದ ಕಡೆಯವರು. ನಾಸಿಕದ ಸುತ್ತಮುತ್ತ ಲಿಂಗಾಯತರ ಮನೆಗಳಲ್ಲಿ ತೊಟ್ಟಿಲಿಗೂ ಗುಣಿಗೂ ಅವರೇ ಬರಬೇಕು.

"ತಗ್ಯಾಕ ಹತ್ತೇನ್ರಿ. ಬರವಲ್ದು."

ಕೊನೆಗೆ ಮಗಳು ಊರ್ಮಿಳಾ ಒಂದು ತೊಟ್ಟು ಎಣ್ಣೆ ಬಿಟ್ಟು ಮುಚ್ಚಳ ಬಿಡಿಸಿಕೊಟ್ಟಳು. ಅಯ್ಯನವರು ಒಳಗಿದ್ದ ಇಷ್ಟಲಿಂಗವನ್ನು ತೆಗೆದುಕೊಂಡು ಪೂಜೆಗೆ ತಿರುಗಿದರು. ರೇವಣಪ್ಪ ಮದುವೆಗೂ ಮುಂಚಿನಿಂದ ಕೊರಳಲ್ಲಿ ಹಾಕಿಕೊಂಡಿದ್ದ ಬೆಳ್ಳಿಯ ಕರಡಿಗೆ ಖಾಲಿಯಾಗಿ ಗಿರಿಜಮ್ಮನ ಅಂಗೈಯಲ್ಲಿ ಉಳಿಯಿತು. ಅದರ ಅಂಚಿನಲ್ಲಿ ಒಂದು ಕಡೆ ಬೆಳ್ಳಿ ಉಜ್ಜಿಹೋಗಿ ಚಪ್ಪಟೆಯಾಗಿತ್ತು. ಆ ಗುರುತು ಅವಳಿಗೆ ಹೊಸದಲ್ಲ. ಒಂದು ದೀಪಾವಳಿಗೆ ಬೆಳಗಲು ಕೂತಾಗ ಅದನ್ನು ಕಂಡು, ಪಾಲಿಶಿಗೆ ಕೊಟ್ಟಿದ್ದ ನಾಸಿಕದ ಸರಾಫನೇ ಬೆಳ್ಳಿ ಕೆರೆದುಕೊಂಡಿದ್ದಾನೆಂದು ಅವನ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದದ್ದು ಬೈದಿದ್ದಳು. ಪಾಪ, ಸರಾಫ ಹೆತ್ತ ಮಕ್ಕಳ ಮೇಲೆ ಆಣೆ ಇಟ್ಟಿದ್ದ. ರೇವಣಪ್ಪ ಪಕ್ಕದಲ್ಲೇ ಚೀಲ ಹಿಡಿದುಕೊಂಡು, ರಸ್ತೆಯಲ್ಲಿ ಹೋಗುವ ಟಾಂಗಾಗಳನ್ನು ನೋಡುತ್ತ ನಿಂತಿದ್ದ.

ಹೊರಗೆ ಜೀಪು ನಿಂತ ಸದ್ದಾಯಿತು. ಬಾಗಿಲಲ್ಲಿ ಕೂತಿದ್ದ ಹೆಂಗಸರು ಸರಿದು ದಾರಿ ಬಿಟ್ಟರು. ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದವನನ್ನು ನೋಡಿದ ಕೂಡಲೇ ಗಿರಿಜಮ್ಮ ಕರಡಿಗೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಅವನೇ. ಇಮೇದಾ.

ಓಝರಿನ ವಿಮಾನ ಕಾರ್ಖಾನೆಗೆ ಕೆಲಸ ಕಲಿಸಲು ಬಂದಿದ್ದ ಪರದೇಶಿಗಳಲ್ಲಿ ಅವನೊಬ್ಬ. ಕಾಲನಿಯಲ್ಲಿ ಎಲ್ಲರೂ ಅವರನ್ನು ರಷ್ಯನ್ನರೆಂದೇ ಕರೆಯುತ್ತಿದ್ದರು. ಇವನು ರಷ್ಯನ್ ಅಲ್ಲ, ಜಾರ್ಜಿಯಾ ಎಂಬ ಸೀಮೆಯ ಗುಡ್ಡದ ಮೇಲಿನವನು ಎಂದು ರೇವಣಪ್ಪ ತಿದ್ದುತ್ತಿದ್ದ. ಬೇರೆ ಯಾರೂ ಅದಕ್ಕಾಗಿ ತಲೆ ಕೆಡಿಸಿಕೊಂಡಿರಲಿಲ್ಲ.

ಇಮೇದಾ ಯಾರ ಮುಖವನ್ನೂ ನೋಡಲಿಲ್ಲ. ನೇರ ಬಂದು ರೇವಣಪ್ಪನ ಮುಂದೆ ಮೊಣಕಾಲೂರಿದ. ಅವನ ಮಡಿಸಿದ ಕಾಲ ಮೇಲೆ ಹಣೆ ಇಟ್ಟು ಅಳತೊಡಗಿದ. ಅದು ದೊಡ್ಡ ದನಿ, ಮುಚ್ಚುಮರೆ ಇಲ್ಲದ ಅಳು. ಅಯ್ಯನವರ ಮಂತ್ರ ನಡುವೆಯೇ ನಿಂತಿತು. ಹೊರಗೆ ನಿಂತಿದ್ದ ಕಾರ್ಖಾನೆಯ ಗಂಡಸರು ಕಿಟಕಿಗೆ ಬಂದರು.

"ಅಯ್ಯ ಶಿವನ, ಹೆಂಗ ಅಳಾಕತ್ಯಾನ ನೋಡ್ರಿ," ಎಂದು ಪಕ್ಕದ ಮನೆಯ ಪ್ರೇಮಾಬಾಯಿ ಗಿರಿಜಮ್ಮನ ಕಿವಿಯ ಹತ್ತಿರ ಬಾಗಿದಳು. "ಸ್ವಂತ ಅಣ್ಣ ತಮ್ಮ ಸತ್ರೂ ಹಿಂಗ ಯಾರೂ ಅಳಂಗಿಲ್ಲ ಬಿಡ್ರಿ."

ಬೆಳಗಾವಿಯ ಆ ಹೆಂಗಸು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಆದರೆ ಗಿರಿಜಮ್ಮನ ಹೊಟ್ಟೆಗೆ ಕಿಚ್ಚು ಬಿತ್ತು. ನಿನ್ನೆ ಸಂಜೆ ಕೆಲಸದಿಂದ ಬಂದು, ಎದೆ ಹಿಡಿದುಕೊಂಡು, ಅಡಿಗೆಮನೆಯ ಬಾಗಿಲಲ್ಲಿ ಗಂಡ ಕುಸಿದಾಗಿನಿಂದ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಂದಿರಲಿಲ್ಲ, ಅಷ್ಟೇ. ಜನ ಅದನ್ನು ಗಮನಿಸಿದ್ದರು. ಈಗ ಇವನು ಎಲ್ಲರ ಮುಂದೆ ಅವಳ ಪಾಲಿನ ಅಳುವನ್ನೂ ಮೊದಲೇ ಅತ್ತು ಮುಗಿಸುತ್ತಿದ್ದಾನೆ. ಗಂಡನ ನಗು ತೆಗೆದುಕೊಂಡ, ಮಾತು ತೆಗೆದುಕೊಂಡ, ಇವತ್ತೊಂದು ದಿನವಾದರೂ ತನಗೆ ಬಿಡಬಾರದಿತ್ತೇ?

"ಅವ್ವಾ, ಅಂಕಲ್‌ಗೆ ಪಾಣಿ ಕೊಡಲಿ ಏನು?" ಎಂದು ಊರ್ಮಿಳಾ ಕೇಳಿದಳು.

"ಏನೂ ಬ್ಯಾಡ. ಸುಮ್ನ ಕೂಡ್ರು," ಎಂದಳು ಗಿರಿಜಮ್ಮ.

*

ಇಮೇದಾ ಮೊದಲು ಮನೆಗೆ ಬಂದದ್ದೇ ಒಂದು ಫಜೀತಿ.

"ನಾಳಿ ಒಬ್ಬರು ಊಟಕ್ಕ ಬರ್ತಾರ. ಚಿಂಚೋಳಿ ಅಂತ," ಎಂದಿದ್ದ ರೇವಣಪ್ಪ. ಅವನು ಹೇಳುವ ಮಾತೇ ಅಷ್ಟು. ಗದಗಿನ ಕಡೆಯಿಂದ ಈ ಊರಿಗೆ ಬಂದು ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದ ಆ ಮನುಷ್ಯ ಸಂಜೆ ಬಂದು ಕೈಕಾಲು ತೊಳೆದು ಅಡಿಗೆಮನೆಯ ಬಾಗಿಲಲ್ಲಿ ಕೂತನೆಂದರೆ ಬಾಯಿಗೆ ಬೀಗ. ಉಪ್ಪು ಕಡಿಮೆಯಾದರೂ ಹೇಳುವವನಲ್ಲ. ಮದುವೆಯಾದ ಹೊಸದರಲ್ಲಿ ಅವಳು ಅದನ್ನು ಗಾಂಭೀರ್ಯ ಎಂದುಕೊಂಡಿದ್ದಳು, ಆಮೇಲೆ ತಾನೆಂದರೆ ಬೇಸರವಿರಬೇಕು ಎಂದುಕೊಂಡಳು, ಆಮೇಲೆ ಏನೂ ಅಂದುಕೊಳ್ಳುವುದನ್ನು ಬಿಟ್ಟಳು.

ಚಿಂಚೋಳಿ ಎಂದರೆ ಕಲಬುರ್ಗಿಯ ಕಡೆ. ಈ ಮರಾಠಿ ಮುಲುಕಿನಲ್ಲಿ ನಮ್ಮವರೊಬ್ಬರು ಸಿಕ್ಕರಲ್ಲ ಎಂದು ಗಿರಿಜಮ್ಮ ಹಿಗ್ಗಿ ಜೋಳದ ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು, ಶೇಂಗಾ ಚಟ್ನಿ ಕುಟ್ಟಿದಳು. ಬಂದವನು ನೋಡಿದರೆ ಬೂದುಗಣ್ಣಿನ, ದೊಡ್ಡ ಮೀಸೆಯ ಈ ಆಸಾಮಿ. ಅವನ ಮನೆತನದ ಹೆಸರು ಚಿಂಚರಾವುಲಿ ಅಂತೆ. ಕಾರ್ಖಾನೆಯ ಕನ್ನಡಿಗರು ನಾಲಗೆಗೆ ಸುಲಭವಾಗಲೆಂದು ಅವನನ್ನು ಚಿಂಚೋಳಿ ಮಾಡಿಟ್ಟಿದ್ದರು.

ಅದಕ್ಕೆ ಅವಳೂ ನಕ್ಕಿದ್ದಳು. ನಗು ಆರಿದ್ದು ಊಟ ಶುರುವಾದ ಮೇಲೆ. ಇಮೇದಾ ರೊಟ್ಟಿ ಎತ್ತಿ ಹಿಡಿದು, ಮುರುಕು ಹಿಂದಿಯಲ್ಲಿ, ತನ್ನ ತಾಯಿಯೂ ಕಲ್ಲಿನ ಮೇಲೆ ಇಂಥದ್ದೇ ಮಾಡುತ್ತಾಳೆಂದು ಕೈಬಾಯಿ ತಿರುಗಿಸಿ ತೋರಿಸಿದ. ರೇವಣಪ್ಪ ಕಾರ್ಖಾನೆಯಲ್ಲಿ ಕಲಿತ ರಷ್ಯನ್ ಮಾತಿಗೆ ಹಿಂದಿ ಬೆರೆಸಿ ಏನೋ ಉತ್ತರ ಕೊಟ್ಟ. ಇಬ್ಬರೂ ಹೋ ಎಂದು ನಕ್ಕರು. ಗಂಡನ ಹಿಂದಿನ ಹಲ್ಲುಗಳನ್ನು ಗಿರಿಜಮ್ಮ ಅಂದೇ ಮೊದಲು ನೋಡಿದ್ದು. ಅವಳು ಒಲೆಯ ಕಡೆ ಮುಖ ತಿರುಗಿಸಿ ಕೂತಳು. ಆ ದಿನ ಕೊನೆಯ ಎರಡು ರೊಟ್ಟಿ ಸೀದುಹೋದವು.

ಅತಿಥಿ ಹೋದ ಮೇಲೆ ರೇವಣಪ್ಪನಿಗೆ ಇನ್ನೂ ಮಾತಿನ ಗುಂಗು ಇಳಿದಿರಲಿಲ್ಲ. "ಅವನ ಅಡ್ಡಹೆಸರಿನ ಅರ್ಥ ಏನಂತ ಗೊತ್ತೇನ ನಿನಗ?" ಎಂದು ಶುರುಮಾಡಿದವನು ಅವಳ ಮುಖ ನೋಡಿ, "ಇರ್ಲಿ ಬಿಡು," ಎಂದು ಹಾಸಿಗೆ ಸುರುಳಿ ಬಿಚ್ಚಿದ. ಅವಳೂ ಕೇಳಲಿಲ್ಲ.

ಅಡ್ಡಹೆಸರಿನ ಮಾತು ಆ ಮನೆಯಲ್ಲಿ ಬರುವಂತಿರಲಿಲ್ಲ. ರೇವಣಪ್ಪನದು ತುರಚಿಯವರ ಮನೆತನ. ತುರಚಿ ಎಂದರೆ ತಾಗಿದರೆ ಮೈಯೆಲ್ಲ ದದ್ದೆದ್ದು ಉರಿಯುವ ಗಿಡ. ಮದುವೆಯಲ್ಲಿ ಗೆಳತಿಯರು, "ಎವ್ವಾ ಗಿರಿಜಾ, ಅವರ ಮೈ ಕೈ ಮುಟ್ಟೀಯ, ಹುಷಾರು," ಎಂದು ಕಾಡಿದ್ದರು. ಅವಳು ಅಂದು ಅಡಿಗೆಯವರ ಹಿಂದೆ ಹೋಗಿ ನಿಂತು ಅತ್ತಿದ್ದಳು. ಓಝರಿಗೆ ಬಂದು ಮಗಳನ್ನು ಶಾಲೆಗೆ ಸೇರಿಸುವಾಗ ಊರಿನ ಹೆಸರನ್ನೇ ಮರಾಠಿಯವರ ಹಾಗೆ ಮಾಡಿ 'ಗದಗಕರ್' ಎಂದು ಬರೆಸಿದಳು. ರೇವಣಪ್ಪ ಏನೋ ಹೇಳಲು ಬಾಯಿ ತೆರೆದಾಗ, "ಆ ಹೆಸರ ಇನ್ನ ಮ್ಯಾಲ ನನ್ನ ಮುಂದ ಎತ್ತಬ್ಯಾಡ್ರಿ," ಎಂದಿದ್ದಳು. ಅವನು ಎತ್ತಲಿಲ್ಲ. ಅವನಿಗೆ ಒಂದು ಮಾತು ಹೇಳಿದರೆ ಆಯಿತು, ಅದು ಹೇಳಿದ ಹಾಗೆ ನಡೆಯುತ್ತಿತ್ತು.

*

ಪೂಜೆ ಮುಗಿಯಿತು. ಬಾಣಗಂಗೆಯ ದಂಡೆಯಲ್ಲಿ ಗುಣಿ ತಯಾರಾಗಿದೆ ಎಂದು ಜನ ಬಂದು ಹೇಳಿದರು. ಅಯ್ಯನವರು ಕೈ ಒರೆಸಿಕೊಂಡು ಕೇಳಿದರು:

"ಗುಣಿಯೊಳಗ ಇಳಿಯೋರು ಯಾರು? ಕೆಳಗ ನಿಂತು ಹಿಡಕೊಂಡು ಕೂಡಿಸಬೇಕಾಕ್ಕೈತಿ. ಮಗ ಇಲ್ಲ ಅಂದ್ರಿ. ಅಣ್ಣತಮ್ಮಕಿ?"

"ತಮ್ಮ ಅದಾನ್ರಿ, ಗದಗಿನ್ಯಾಗ," ಎಂದಳು ಗಿರಿಜಮ್ಮ. "ತಾರ ಹೋಗೇತಿ. ನಾಳಿಗೆ ಮುಟ್ಟತಾನ."

"ನಾಳೆತನಕ ಇಡಾಕ ಬರಂಗಿಲ್ಲ ತಾಯಿ. ಮತ್ಯಾರರೆ ಬಳಗದವ್ರು?"

ಬಳಗ ಎಂಬುದು ಇಲ್ಲಿರಲಿಲ್ಲ. ಕಿಟಕಿಯಲ್ಲಿ ನಿಂತವರೆಲ್ಲ ನೆಲ ನೋಡಿದರು. ಅಷ್ಟರಲ್ಲಿ ಕೇಶವಮೂರ್ತಿ ಗಂಟಲು ಸರಿಮಾಡಿಕೊಂಡ. ಮೈಸೂರಿನ ಕಡೆಯ ಎಂಜಿನಿಯರು, ತರಬೇತಿಗೆಂದು ರಷ್ಯಾದಲ್ಲಿ ಇದ್ದು ಬಂದವನು. ಕಾರ್ಖಾನೆಯಲ್ಲಿ ಪರದೇಶಿಗಳ ಮಾತನ್ನು ತಿರುಗಿಸಿ ಹೇಳುವುದು ಅವನ ಪಾಲಿಗೇ ಬೀಳುತ್ತಿತ್ತು.

"ಗಿರಿಜಮ್ಮನವರೇ, ತಪ್ಪು ತಿಳೀಬೇಡಿ. ಇಮೇದಾ ಏನೋ ಹೇಳ್ತಾ ಇದಾನೆ. ತಾನು ಇಳೀತೀನಿ ಅಂತಾನೆ. ತಾನು ಅಣ್ಣ ಆಗಬೇಕಂತೆ."

"ಅಣ್ಣ?" ಗಿರಿಜಮ್ಮ ತಿರುಗಿದಳು. "ಯಾರ ಅಣ್ಣ? ಯಾವ ತಾಯಿ ಹೊಟ್ಟಿಯೊಳಗ ಹುಟ್ಯಾನ?"

ಕೇಶವಮೂರ್ತಿ ಆ ಕಡೆ ಕೇಳಿ ಈ ಕಡೆ ಹೇಳಿದ. "ಅವರ ಗುಡ್ಡದಲ್ಲಿ ಒಂದು ಪದ್ಧತಿ ಇದೆಯಂತೆ. ಇಬ್ಬರು ಗಂಡಸರು ತಮ್ಮ ತಮ್ಮ ಬೆಳ್ಳಿಯನ್ನು ಒಂದೇ ಲೋಟಕ್ಕೆ ಕೆರೆದು ಹಾಕಿ ಕುಡಿದರೆ ಅಣ್ಣತಮ್ಮಂದಿರು ಆಗ್ತಾರಂತೆ. ಆಮೇಲೆ ಇವನ ಮನೆಗೂ ಅವನ ಮನೆಗೂ ಮದುವೆ ಸಂಬಂಧ ಸಹ ಆಗಕೂಡದು, ಅಷ್ಟು ಹತ್ತಿರ. ರೇವಣಪ್ಪನವರೂ ಇವನೂ ಹಾಗೆ ಕುಡಿದಿದ್ದಾರಂತೆ."

"ಕುಡದಾರ?" ಅಯ್ಯನವರ ಹುಬ್ಬು ಮೇಲೇರಿತು.

"ಕಬ್ಬಿನ ಹಾಲು ಸ್ವಾಮಿ. ಇವನು ಬೇರೆ ಏನೋ ತಂದಿದ್ದನಂತೆ, ರೇವಣಪ್ಪನವರು ಮುಟ್ಟಲಿಲ್ಲವಂತೆ. ದೌಲತಾಬಾದ್ ಕೋಟೆಯ ಕೆಳಗೆ ಕಬ್ಬಿನ ಗಾಣದ ಅಂಗಡಿ ಇರುತ್ತಲ್ಲ, ಅಲ್ಲಿ. ಇವನದು ಅಜ್ಜನ ಕಾಲದ ಒಂದು ಬೆಳ್ಳಿ ಗುಂಡಿ. ಅವರದು…" ಕೇಶವಮೂರ್ತಿ ಗಿರಿಜಮ್ಮನ ಮುಷ್ಟಿಯ ಕಡೆ ನೋಡಿದ.

ಗಿರಿಜಮ್ಮ ಮುಷ್ಟಿ ಬಿಚ್ಚಿ ನೋಡಿದಳು. ಚಪ್ಪಟೆಯಾದ ಅಂಚು. ಗಂಡನ ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದ ಒಂದು ಪುಟ್ಟ ಅರದಿಂದ ಉಜ್ಜಿದ್ದು. ಕಬ್ಬಿಣ ತಿದ್ದುವ ಕೈ, ಅಂಚು ಒರಟಾಗದಂತೆ ನಯವಾಗಿಯೇ ಉಜ್ಜಿತ್ತು.

"ಸರಾಫ," ಎಂದಳು.

*

ಔರಂಗಾಬಾದಿನ ಹತ್ತಿರ ವೇರೂಳದಲ್ಲಿ ಘೃಷ್ಣೇಶ್ವರನಿದ್ದಾನೆ. ಜ್ಯೋತಿರ್ಲಿಂಗ. ನಾಸಿಕದಿಂದ ಬಸ್ಸು ಹಿಡಿದರೆ ಹೋಗಿಬರಬಹುದು. ಗಿರಿಜಮ್ಮ ಈ ಊರಿಗೆ ಬಂದ ವರ್ಷದಿಂದಲೂ ಒಮ್ಮೆ ಕರೆದುಕೊಂಡು ಹೋಗಿ ಎಂದು ಗಂಡನ ಬೆನ್ನು ಹತ್ತಿದ್ದಳು. "ಹೋಗೂಣು," ಎನ್ನುತ್ತಿದ್ದ ರೇವಣಪ್ಪ. ಬೇಸಿಗೆ ಬಂದರೆ ಬಿಸಿಲು, ಮಳೆಗಾಲದಲ್ಲಿ ಮಗಳ ಶಾಲೆ, ಆಮೇಲೆ ಓವರ್‌ಟೈಮ್. "ಹೋಗೂಣು" ಎಂಬ ಆ ಮಾತಿಗೆ ಮುದಿಯಾಗುವಷ್ಟು ವಯಸ್ಸಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಜೀಪು ಬಂದು ಮನೆಯ ಮುಂದೆ ನಿಂತಿತು. ಇಮೇದಾನಿಗೆ ವೇರೂಳದ ಗುಹೆ ತೋರಿಸಬೇಕಂತೆ. ರೇವಣಪ್ಪ ಹೊಸ ಅಂಗಿ ತೊಟ್ಟು, ತಲೆಗೆ ಎಣ್ಣೆ ಒತ್ತಿಕೊಂಡು, ಮದುವೆಗೆ ಹೊರಟವನಂತೆ ಜೀಪು ಹತ್ತಿದ. "ಜೀಪಿನ್ಯಾಗ ಜಾಗ ಇಲ್ಲ," ಎಂದ. ಜಾಗ ಇತ್ತು. ಹಿಂದಿನ ಸೀಟು ಖಾಲಿ ಇದ್ದದ್ದನ್ನು ಅವಳು ಕಣ್ಣಾರೆ ಕಂಡಳು. ಬಾಗಿಲಲ್ಲಿ ನಿಂತು, ತನಗೆ ಸವತಿ ಬಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ ಎಂದುಕೊಂಡಳು. ಸವತಿಯಾದರೆ ಜುಟ್ಟು ಹಿಡಿದು ಕೇಳಬಹುದು. ಮೀಸೆ ಇರುವವನನ್ನು ಏನೆಂದು ಕೇಳುವುದು? ಜನ ನಗುತ್ತಾರೆ.

ಸಂಜೆ ರೇವಣಪ್ಪ ಒಂದು ಹಿಮ್ರೂ ಶಾಲು ತಂದು ಅವಳ ಮುಂದಿಟ್ಟ. ಔರಂಗಾಬಾದಿನಲ್ಲಿ ನೇಯುವ ರೇಷ್ಮೆ ಹೂವಿನ ಶಾಲು, ನಿಜಕ್ಕೂ ಚೆಲುವಾಗಿತ್ತು. ಅವಳು ಅದನ್ನು ಬಿಚ್ಚಿಯೂ ನೋಡದೆ ಟ್ರಂಕಿನ ತಳಕ್ಕೆ ಹಾಕಿದಳು.

"ಘೃಷ್ಣೇಶ್ವರನ ದರ್ಶನ ಆತೇನು?" ಎಂದು ಕೇಳಿದಳು, ಚುಚ್ಚಲೆಂದೇ.

"ಇಲ್ಲ," ಎಂದ ರೇವಣಪ್ಪ. "ಅದು ನಿನ್ನ ಕೂಡ." ಅಂದು ಅವಳಿಗೆ ಅದು ತಪ್ಪಿಸಿಕೊಳ್ಳುವ ಮಾತಾಗಿ ಕೇಳಿಸಿತು.

*

"ಕೇಳ್ರಿ ಇವನ," ಎಂದಳು ಗಿರಿಜಮ್ಮ. ದನಿ ಏರಿತ್ತು. ಹೆಂಗಸರು ಅವಳ ತೋಳು ಹಿಡಿದರು, ಕೊಡವಿಕೊಂಡಳು. "ಮೂರ್ತಿಯವರ, ನೀವು ಒಂದಕ್ಷರ ಬಿಡದಂಗ ಕೇಳಬೇಕು. ಮನಿಯೊಳಗ ತುಟಿ ಬಿಚ್ಚದ ಮನಶ್ಯಾ ಈತನ ಕೂಡ ಏನ ಮಾತಾಡತಿದ್ರು? ದಿನಾ ಅಷ್ಟೊತ್ತು, ಏನ ಅಂಥಾದ್ದು? ನಾ ತಿಳಕೋಬೇಕು. ತಿಳಿದ ಹೊರತು ಯಾರೂ ಗುಣಿಗೆ ಇಳಿಯಂಗಿಲ್ಲ."

"ಅವ್ವಾ, ಅಸಂ ನಕೋ," ಎಂದಳು ಊರ್ಮಿಳಾ, ಅಳುತ್ತ. ಹಾಗೆ ಮಾಡಬೇಡ ಎಂದು. ಗಿರಿಜಮ್ಮ ಕೇಳಿಸಿಕೊಳ್ಳಲಿಲ್ಲ.

ಕೇಶವಮೂರ್ತಿ ಕೇಳಿದ. ಇಮೇದಾ ಮೀಸೆಯ ಮೇಲಿನ ನೀರು ಒರೆಸಿಕೊಂಡು, ರೇವಣಪ್ಪನ ಕಡೆಯೇ ನೋಡುತ್ತ ಮಾತಾಡತೊಡಗಿದ. ಒಂದೊಂದು ತುಂಡಿಗೂ ನಿಂತು, ಕೇಶವಮೂರ್ತಿ ಕನ್ನಡ ಮಾಡುವುದನ್ನು ಕಾಯುತ್ತಿದ್ದ.

"ಮೊದಲು ನಮ್ಮನ್ನ ಹತ್ತಿರ ತಂದದ್ದು ಹೆಸರು, ಅಂತಾನೆ. ಇವರ ಭಾಷೇಲಿ ಚಿಂಚಾರಿ ಅಂದರೆ ತುರಚಿ ಗಿಡವೇ. ಇವರಜ್ಜಿ ಹೇಳ್ತಿದ್ದ ಕತೆ: ಯಾವುದೋ ಕಾಲದಲ್ಲಿ ಗುಡ್ಡದ ಆಚೆಯಿಂದ ಶತ್ರುಗಳು ಬಂದು ಮನೆಮಂದೀನೆಲ್ಲ ಕಡಿದರಂತೆ. ಒಬ್ಬ ತಾಯಿ ಕೈಗೂಸನ್ನ ತುರಚಿ ಮೆಳೆಯೊಳಗೆ ಎಸೆದಳಂತೆ. ಮಗು ಉರಿಗೆ ಕಿರುಚಿತು, ಎಲ್ಲಿದೆ ಅಂತ ಅವರಿಗೆ ಗೊತ್ತಾಯಿತು, ಆದರೆ ಕೈ ಹಾಕೋಕೆ ಯಾರೂ ಮುಂದೆ ಬರಲಿಲ್ಲ. ಉಳಿದದ್ದು ಅದೊಂದೇ ಕೂಸು. ಅದರ ವಂಶ ಇವರು. ಅದಕ್ಕೇ ಆ ಹೆಸರು."

ಪ್ರೇಮಾಬಾಯಿ ಬಾಯಿಗೆ ಸೆರಗು ಹಿಡಿದಳು.

"ಇದನ್ನ ಹೇಳಿದಾಗ ರೇವಣಪ್ಪನವರು ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, 'ನಾನೂ ತುರಚಿ' ಅಂದರಂತೆ. ಆಮೇಲೆ ತಮ್ಮದನ್ನ ಹೇಳಿದರಂತೆ. ಅವರ ಊರು ಕಪ್ಪತಗುಡ್ಡದ ಕೆಳಗಲ್ಲವೇ? ಅಲ್ಲಿಗೆ ಪೆಂಢಾರಿಗಳು ಬಂದು ಕಾಳುಕಡ್ಡಿ ಬಾಚಿಕೊಂಡು ಹೋಗ್ತಿದ್ದ ಕಾಲ. ಊರಿನ ಬಿತ್ತನೆ ಜೋಳಾನೆಲ್ಲ ನೆಲದೊಳಗಿನ ಒಂದು ಹಗೇವಿಗೆ ತುಂಬಿ, ಮೇಲೆ ತುರಚಿ ಬಳ್ಳಿ ಹರವಿ ಮುಚ್ಚಿದರಂತೆ. ಗುಡ್ಡದಿಂದ ಅಷ್ಟೂ ಬಳ್ಳೀನ ಬರಿಗೈಯಲ್ಲಿ ಕಿತ್ತು ಹೊತ್ತು ತಂದದ್ದು ಒಬ್ಬಳೇ ಹೆಂಗಸು. ಕೈ ಎರಡೂ ಬಾತು, ಸುಗ್ಗಿ ತನಕ ಅವಳಿಗೆ ರೊಟ್ಟಿ ಬಡಿಯೋಕಾಗಲಿಲ್ಲವಂತೆ, ಬೇರೆಯವರು ಉಣಿಸಿದರಂತೆ. ಊರು ಬಿತ್ತಿ ಬೆಳೆದು ಉಂಡಿತು. ಆವತ್ತಿಂದ ಅದು ತುರಚಿಯವರ ಮನೆ."

"ಯಾರಾಕಿ?" ಎಂದಳು ಗಿರಿಜಮ್ಮ. "ಆ ಮನಿ ಮಗಳೇನು?"

ಕೇಶವಮೂರ್ತಿ ಕೇಳಿ ಹೇಳಿದ. "ಅಲ್ಲವಂತೆ. ಸೊಸೆ. ಹೊಸದಾಗಿ ಮದುವೆಯಾಗಿ ಬಂದವಳು."

ಗಿರಿಜಮ್ಮ ಗೋಡೆಗೆ ಕೈ ಕೊಟ್ಟು ಕೂತಳು. ಆ ಮನೆಗೆ ಸೊಸೆಯಾಗಿ ಬಂದು ಆ ಹೆಸರಿಗೆ ನಾಚಿ ಅತ್ತವಳು ಅವಳು. ಹೆಸರು ತಂದವಳೂ ಒಬ್ಬ ಸೊಸೆ. ಆ ಕತೆ ಅವಳದಾಗಬೇಕಿತ್ತು, ಮಗಳಿಗೆ ಅವಳು ಹೇಳಬೇಕಿತ್ತು. ಅದು ಈ ಬೂದುಗಣ್ಣಿನವನ ಬಾಯಿಂದ, ರಷ್ಯನ್ ಭಾಷೆಯ ಮೇಲೆ ಹಾದು, ಮೈಸೂರಿನವನ ಕನ್ನಡದಲ್ಲಿ ಅವಳಿಗೆ ಮುಟ್ಟುತ್ತಿದೆ. ಎತ್ತಬೇಡಿ ಅಂದದ್ದಕ್ಕೆ ಎತ್ತಲೇ ಇಲ್ಲವಲ್ಲ, ಒಂದು ಸಲ ಜಗಳವಾಡಿಯಾದರೂ ಹೇಳಬಾರದಿತ್ತೇ ಎಂದು ಅವಳಿಗೆ ಗಂಡನ ಮೇಲೂ ಸಿಟ್ಟು ಬಂತು.

ಇಮೇದಾ ಇನ್ನೂ ಏನೋ ಹೇಳುತ್ತಿದ್ದ. ಈ ಸಲ ಅವಳನ್ನೇ ನೋಡಿ, ಕೊಂಚ ಒರಟಾಗಿ. ಕೇಶವಮೂರ್ತಿ ತಡವರಿಸಿದ.

"ಹೇಳ್ರಿ," ಎಂದಳು.

"ಅವನಿಗೆ… ನಿಮ್ಮ ಮೇಲೆ ಹೊಟ್ಟೆಕಿಚ್ಚಿತ್ತಂತೆ."

"ನನ್ನ ಮ್ಯಾಲ?"

"ಇಲ್ಲಿ ಇವನಿಗೆ ಬೇರೆ ಯಾರೂ ಇರಲಿಲ್ಲವಂತೆ. ಸಂಜೆ ಸೈರನ್ ಕೂಗಿದರೆ ಸಾಕು, ಚದುರಂಗದ ಆಟ ಅರ್ಧಕ್ಕೆ ಬಿಟ್ಟು ರೇವಣಪ್ಪನವರು ಎದ್ದುಬಿಡ್ತಿದ್ದರಂತೆ. ಗೆಲ್ಲೋ ಆಟ ಆದರೂ ಸರಿ. ಯಾಕೆ ಅಂದರೆ, ರೊಟ್ಟಿ ಬಡಿಯೋ ಸಪ್ಪಳ ಕೇಳಬೇಕು ಅನ್ನೋರಂತೆ. ಅದೇನು ಸಂಗೀತವೇ ಅಂತ ಇವನು ಬೈತಿದ್ದನಂತೆ."

ಗಿರಿಜಮ್ಮ ತನ್ನ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ನೋಡಿದಳು. ಬಾಗಿಲಲ್ಲಿ ಬಂದು ಕೂರುತ್ತಿದ್ದವನು ಹಸಿದು ಕೂರುತ್ತಿದ್ದಾನೆ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅದನ್ನೂ ಇವನಿಗೇ ಹೇಳಿದನಲ್ಲ. ಅಡಿಗೆಮನೆಯ ಬಾಗಿಲಿನಿಂದ ಒಲೆಗೆ ಎಷ್ಟು ದೂರವಿತ್ತು?

ಅಯ್ಯನವರು ಹೊತ್ತು ನೋಡಿ ಮೆತ್ತಗೆ ಅಂದರು, "ತಾಯಿ, ಗುಂಡಗಡಗಿ ಬರೇ ಬೆಳ್ಳಿ. ಲಿಂಗಕ್ಕೇನೂ ಮುಕ್ಕಾಗಿಲ್ಲ. ಲಿಂಗದ ಮನಿ ಬೆಳ್ಳಿ ಕುಡದಾನಂದ್ರ ಹೊರಗಿನವ ಅಂತ ನಾ ಹೆಂಗ ಅನ್ನಲಿ? ಹೇಳೋದು ನೀವು."

"ಇಳೀಲಿ," ಎಂದಳು ಗಿರಿಜಮ್ಮ. ಒಪ್ಪಿದ ದನಿಯಲ್ಲ ಅದು. ಸೋತ ದನಿ.

*

ರೇವಣಪ್ಪನನ್ನು ಬಿದಿರಿನ ಚಟ್ಟದ ವಿಮಾನದಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಕಾರ್ಖಾನೆಯವರು ಹೆಗಲು ಬದಲಿಸಿದರು. ಇಮೇದಾ ಬದಲಿಸಲಿಲ್ಲ. ಅವನು ಎತ್ತರದವನಾದ್ದರಿಂದ ವಿಮಾನ ದಾರಿಯುದ್ದಕ್ಕೂ ಒಂದು ಕಡೆ ವಾಲುತ್ತಿತ್ತು, ಅವನು ಮೊಣಕಾಲು ಬಗ್ಗಿಸಿ ನಡೆದ. ದ್ರಾಕ್ಷಿ ತೋಟದ ಆಳುಗಳು ಕೆಲಸ ನಿಲ್ಲಿಸಿ ನೋಡಿದರು. ಗಿರಿಜಮ್ಮ ಹಿಂದೆ ಮಗಳ ಕೈ ಹಿಡಿದು ಬಂದಳು. ಅವಳ ಕಣ್ಣು ಇಮೇದಾನ ಬೆನ್ನಿನ ಮೇಲೇ ಇತ್ತು. ಇವನಿಗೆ ಗೊತ್ತಿಲ್ಲದ್ದು, ತನಗೊಬ್ಬಳಿಗೇ ಗೊತ್ತಿರುವುದು, ಒಂದಾದರೂ ಇದೆಯೇ ಎಂದು ಅವಳು ದಾರಿಯುದ್ದಕ್ಕೂ ಹುಡುಕಿದಳು. ಇಷ್ಟದ ಪಲ್ಯ? ಅದು ಊಟಕ್ಕೆ ಬಂದಾಗಲೇ ಇವನಿಗೆ ತಿಳಿದಿದೆ. ಬಾಲ್ಯ? ಅದನ್ನು ಇವನೇ ಹೆಚ್ಚು ಬಲ್ಲ. ಅವಳ ಕೈಗೆ ಏನೂ ಸಿಗಲಿಲ್ಲ.

ಗುಣಿಯ ಒಳಗೆ, ಒಂದು ಪಕ್ಕದ ಗೋಡೆಯಲ್ಲಿ, ಕೂರಿಸಲು ಗೂಡು ತೋಡಿದ್ದರು. ಇಮೇದಾ ಬೂಟು ಬಿಚ್ಚಿ ಇಳಿದ. ಮೇಲಿನವರು ಕೆಳಗಿಳಿಸಿದ ದೇಹವನ್ನು ಎರಡೂ ತೋಳಿನಲ್ಲಿ ಎದೆಗೆ ಒತ್ತಿ ಹಿಡಿದು, ಕೂಸನ್ನು ಕೂರಿಸುವ ಹಾಗೆ ಗೂಡಿನೊಳಗೆ ಕೂರಿಸಿದ. ಅಯ್ಯನವರು ಹೇಳಿದಂತೆ ಎಡ ಅಂಗೈ ಬಿಡಿಸಿ ಇಷ್ಟಲಿಂಗ ಇಡಿಸಿದ. ಎಲ್ಲವನ್ನೂ ಸರಿಯಾಗಿಯೇ ಮಾಡಿದ. ಹಿಡಿದ ಕೈ ಸಡಿಲಿಸಿದಾಗ ದೇಹ ಮೆಲ್ಲಗೆ ಜಾರಿ ಎಡಗಡೆಯ ಗೋಡೆಗೆ ವಾಲಿತು. ಆಸರೆ ಸಿಕ್ಕಿತಲ್ಲ ಎಂದು ಇಮೇದಾ ಹಾಗೆಯೇ ಒರಗಿಸಿ, ಮಣ್ಣು ಹಾಕಿ ಎಂದು ಮೇಲಕ್ಕೆ ಸನ್ನೆ ಮಾಡಿದ.

"ಎಡಕ್ಕ ಬ್ಯಾಡ!"

ಗಿರಿಜಮ್ಮ ಮಗಳ ಕೈ ಬಿಡಿಸಿಕೊಂಡು ಅಂಚಿಗೆ ಬಂದಿದ್ದಳು. ಕಾಲ ಕೆಳಗಿನ ಹಸಿ ಮಣ್ಣು ಗುಣಿಯೊಳಕ್ಕೆ ಉದುರಿತು.

"ಎಡಕ್ಕ ಒರಗಿಸಬ್ಯಾಡ್ರಿ ಅವ್ರನ್ನ! ಆ ಭುಜ ನೋಯ್ತೈತಿ ಅವ್ರಿಗೆ!"

ಗುದ್ದಲಿ ಹಿಡಿದವರು ಹಾಗೇ ನಿಂತರು. ಸತ್ತವನಿಗೆ ನೋವೇನು ಎಂದು ಯಾರೂ ಹೇಳಲಿಲ್ಲ. ಕೇಶವಮೂರ್ತಿ ಅವಳನ್ನೇ ನೋಡಿದ. "ಭುಜವೇ? ಇಷ್ಟು ವರ್ಷ ಜೊತೆಗಿದ್ದೆವು, ನಮಗೆ ಗೊತ್ತೇ ಇಲ್ಲ." ಆಮೇಲೆ ನೆನಪಾದವನಂತೆ ಗುಣಿಯೊಳಕ್ಕೆ ಬಗ್ಗಿ ಅದನ್ನು ರಷ್ಯನ್ನಿನಲ್ಲಿ ಹೇಳಿದ.

ಇಮೇದಾ ತಲೆ ಎತ್ತಿದ. ಅವನ ಮುಖದಲ್ಲಿ ಗೆದ್ದವನ ಕಳೆಯೇನೂ ಇರಲಿಲ್ಲ. ಒಂದೇ ಒಂದು ಮಾತು ಹೇಳಿದ.

"ಇದನ್ನ ಅವನು ನನಗೆ ಹೇಳಿರಲಿಲ್ಲ, ಅಂತಾನೆ."

"ನನಗೂ ಹೇಳಿಲ್ಲ," ಎಂದಳು ಗಿರಿಜಮ್ಮ. "ಮಲಗಿದ್ದಾಗ ನೋಡೀನಿ. ಆ ಮಗ್ಗಲಿಗೆ ಹೊರಳಿದ್ರ ನಿದ್ದಿಯೊಳಗ ಮಾರಿ ಹಿಂಡತಿದ್ರು. ನಾ ಎದ್ದು ಈ ಕಡೆ ಹೊರಳಸ್ತಿದ್ದೆ."

ಹೇಳುತ್ತಿದ್ದ ಹಾಗೆ, ನಿನ್ನೆಯಿಂದ ಬಾರದ್ದು ಈಗ ಬಂತು. ಅದನ್ನು ಒರೆಸಿಕೊಳ್ಳಲೂ ಅವಳಿಗೆ ಪುರುಸೊತ್ತಿರಲಿಲ್ಲ, ಕಣ್ಣು ಕೆಳಗೇ ನೆಟ್ಟಿತ್ತು.

ಇಮೇದಾ ದೇಹವನ್ನು ಮತ್ತೆ ಎದೆಗೆ ಹಿಡಿದು ಬಲಕ್ಕೆ ತಿರುಗಿಸಿದ. ಅದು ಮತ್ತೆ ಎಡಕ್ಕೇ ಜಾರಿತು. ಅವನು ಪೂಜೆಗೆಂದು ಕೆಳಗಿಳಿಸಿದ್ದ ಬುಟ್ಟಿಯಿಂದ ಬಿಲ್ವಪತ್ರೆ ತೆಗೆದು ಹಿಡಿಹಿಡಿಯಾಗಿ ಆ ಎಡ ಭುಜಕ್ಕೂ ಗೋಡೆಗೂ ನಡುವೆ ತುಂಬತೊಡಗಿದ. ತುಂಬಿ, ಅಂಗೈಯಿಂದ ಒತ್ತಿ ನೋಡಿ, ತಲೆ ಎತ್ತಿ ಗಿರಿಜಮ್ಮನ ಮುಖ ನೋಡಿದ. ಅವಳು ಇಲ್ಲವೆಂದು ತಲೆ ಆಡಿಸಿದಳು. ಇನ್ನೊಂದು ಹಿಡಿ ತುಂಬಿ ಮತ್ತೆ ನೋಡಿದ.

"ಇನ್ನೊಂದೀಟು," ಎಂದಳು.